ಬಾಗಿಲ ಹಿಂದಿನ ಕೈ

ಅಮ್ಮನ ಮುಖ ಟಿವಿಯಲ್ಲಿ ಒಮ್ಮೆಯೂ ಬರಲಿಲ್ಲ. ಬಂದದ್ದು ಕೈ ಮಾತ್ರ. ಆ ಹಳೆಯ ದೆವ್ವದ ಧಾರಾವಾಹಿಯಲ್ಲಿ ವಾರಕ್ಕೊಂದು ಕತೆ, ಕೊನೆ ಮಾತ್ರ ಯಾವಾಗಲೂ ಒಂದೇ. ಬಾಗಿಲು ಅರ್ಧ ತೆರೆದು, ಒಂದು ಕೈ ಹೊರಬಂದು ಮೇಜಿನ ದೀಪ ಆರಿಸುತ್ತಿತ್ತು. ಊರಿಗೆ ಊರೇ ಬೆಚ್ಚಿಬೀಳುತ್ತಿತ್ತು. ನಾನು ಅದೇ ಕೈಯಿಂದ ತುತ್ತು ತಿಂದು ನೆಮ್ಮದಿಯಾಗಿ ಮಲಗುತ್ತಿದ್ದೆ.

ಈಗ ಅದೇ ಧಾರಾವಾಹಿಯ ನಾಲ್ಕು ಕತೆಗಳನ್ನು ಸೇರಿಸಿ ಒಂದು ಸಿನಿಮಾ. ಕತೆಗೊಬ್ಬರು ನಿರ್ದೇಶಕರು. ಕೊನೆಯ ಕತೆ ನನ್ನದು, ಅಂದರೆ ಆ ಕೈಯೂ ನನ್ನ ಪಾಲಿಗೇ ಬಂತು. ಸುದ್ದಿ ಕೇಳಿದ ಅಮ್ಮ ಅಂದಿನಿಂದ ಉಗುರು ಕತ್ತರಿಸುವುದನ್ನೇ ನಿಲ್ಲಿಸಿದಳು. ನನಗೆ ಅಷ್ಟೇ ಸಾಕಾಯಿತು.

ನಿರ್ಮಾಪಕ ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. ಅಮ್ಮನ ಕೈ ಈಗ ನಡುಗುತ್ತದೆ. ಕೈಗೆ ಮೇಕಪ್ ಹಾಕಿಸಿದ ಹುಡುಗಿಯೊಬ್ಬಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಅಮ್ಮನಿಗೆ ಒಂದೇ ಅವಕಾಶ, ಆಗದಿದ್ದರೆ ಇವಳು ಎಂದುಬಿಟ್ಟ. ನನ್ನ ಮೈಯೆಲ್ಲ ಉರಿದುಹೋಯಿತು. ಹಲ್ಲು ಕಚ್ಚಿಕೊಂಡು ಅಮ್ಮನನ್ನು ಬಾಗಿಲ ಹಿಂದೆ ನಿಲ್ಲಿಸಿದೆ.

ತಾಲೀಮು ಶುರುವಾಯಿತು. ಬಾಗಿಲ ಹಿಂದೆ ನಿಂತವರಿಗೆ ಮೇಜು ಕಾಣುವುದಿಲ್ಲವೆಂದು ನಮ್ಮವರು ಅಲ್ಲಿ ಕ್ಯಾಮೆರಾ ಕಂಡದ್ದನ್ನು ತೋರಿಸುವ ಒಂದು ಪುಟ್ಟ ಪರದೆ ಇಟ್ಟಿದ್ದರು. ಅದನ್ನು ನೋಡುತ್ತ ಅಮ್ಮ ಕೈ ಚಾಚಿದರೆ, ಕೈ ದೀಪವೊಂದನ್ನು ಬಿಟ್ಟು ಊರೆಲ್ಲ ಸುತ್ತಿತು. ಮತ್ತೊಮ್ಮೆ ಚಾಚಿದಾಗ ಹೂದಾನಿ ಬಿತ್ತು. ನಿರ್ಮಾಪಕ ಹುಡುಗಿಗೆ ಏಳುವಂತೆ ಸನ್ನೆ ಮಾಡಿದ. ನಾನು ಬಾಗಿಲ ಹಿಂದಕ್ಕೆ ಓಡಿದೆ.

"ದಾರ ಎಲ್ಲೇ?" ಅಮ್ಮ ನನ್ನನ್ನೇ ಗದರಿದಳು. "ಅದಿಲ್ದೆ ನಂಗೆ ಹೇಗೆ ಗೊತ್ತಾಗ್ಬೇಕು?"

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಆಗೆಲ್ಲ ಅಮ್ಮನ ಬೆರಳಿಗೊಂದು ಕಪ್ಪು ದಾರ ಕಟ್ಟಿರುತ್ತಿತ್ತು. ದೀಪದ ಬುಡ ಬಳಸಿ ಇಳಿದ ಅದರ ಇನ್ನೊಂದು ತುದಿ ಹಿಡಿದು ಮೇಜಿನ ಕೆಳಗೆ ಕೂರುತ್ತಿದ್ದವಳು ನಾನೇ, ಆರು ವರ್ಷದವಳು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಸಿಕ್ಕಿದ ಕೆಲಸ ಅದು. ನಾನು ಎಳೆದತ್ತ ಕೈ ಬರುತ್ತಿತ್ತು. ದೀಪ ಆರಿದ ಮೇಲೆ ಆ ಕಡೆಯಿಂದ ಅಮ್ಮ ಎರಡು ಸಲ ಎಳೆದರೆ, ಮುಗೀತು, ಚೆನ್ನಾಗಿತ್ತು, ಹೊರಗೆ ಬಾ ಅಂತ.

ಬಟ್ಟೆ ಹೊಲಿಯುವವರಿಂದ ದಾರ ತರಿಸಿ ಅಮ್ಮನ ಬೆರಳಿಗೆ ಕಟ್ಟಿದೆ, ದೀಪದ ಬುಡ ಬಳಸಿ ಇಳಿಬಿಟ್ಟೆ. ಈ ಸಲ ಚಿತ್ರೀಕರಿಸಿಯೇಬಿಡು, ಮಿಕ್ಕಿದ್ದನ್ನು ನೋಡಿಕೋ ಎಂದು ಕ್ಯಾಮೆರಾದವನಿಗೆ ಹೇಳಿ ಮೇಜಿನ ಕೆಳಗೆ ನುಸುಳಿದೆ. ಮಂಡಿ ಲಟಕ್ಕೆಂದಿತು. ನಿರ್ದೇಶಕಿ ಮೇಜಿನಡಿ ಸೇರಿದ್ದು ಕಂಡು ಯಾರೋ ಕಿಸಕ್ಕೆಂದರು. ನಗಲಿ ಬಿಡಿ, ನಾನು ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ.

ಬಾಗಿಲು ತೆರೆದ ಸದ್ದಾಯಿತು. ಮೆಲ್ಲಗೆ ಎಳೆದೆ. ಅಮ್ಮನ ನಡುಕ ದಾರದಲ್ಲಿ ಹರಿದು ನನ್ನ ಬೆರಳಿಗೆ ಬಂತು. ತಲೆಯ ಮೇಲೆ, ಮೇಜಿನ ಹಲಗೆಯನ್ನು ಉಗುರುಗಳು ಕೆರೆದವು, ನಿಂತವು, ನಡುಗುತ್ತ ಮತ್ತೆ ಕೆರೆದವು. ಟಕ್. ಕತ್ತಲೆ. ನಿರ್ಮಾಪಕ ಕುರ್ಚಿ ಸಮೇತ ಉರುಳಿ "ಅಮ್ಮಾ" ಎಂದು ಕಿರುಚಿದ.

ಇದೇ ಇರಲಿ, ಇನ್ನೊಂದು ಬೇಡ ಎಂದು ಬಿದ್ದಲ್ಲಿಂದಲೇ ಹೇಳುತ್ತಿದ್ದ. ಜನ ಚಪ್ಪಾಳೆ ತಟ್ಟಿದರು. ನಾನು ಏಳಲಿಲ್ಲ, ದಾರ ಬಿಗಿಯಾಗಿ ಹಿಡಿದು ಕಾಯುತ್ತಿದ್ದೆ.

ಅಮ್ಮ ಎರಡು ಸಲ ಎಳೆದಳು.