ಕೆಳಗಿನ ಅರ್ಧ

ನಮ್ಮೂರು ಕೌರಲಂಪಿಯ ಸಭೆಗಳಲ್ಲಿ ಮೌನಕ್ಕೆ ಇರುವುದು ಒಂದೇ ಅರ್ಥ. ಅಧ್ಯಕ್ಷರಾದವರು ಯಾರದಾದರೂ ಆಕ್ಷೇಪವಿದೆಯೇ ಎಂದು ಕೇಳುತ್ತಾರೆ. ಜನ ತಮ್ಮ ತಮ್ಮ ಬೂಟುಗಳ ತುದಿಯನ್ನು ನೋಡಿಕೊಳ್ಳುತ್ತಾರೆ. ಮರದ ಸುತ್ತಿಗೆ ಮೇಜಿನ ಮೇಲೆ ಬೀಳುತ್ತದೆ. ಆಮೇಲೆ ಕಾಫಿ. ಕಾಡಿನ ರಸ್ತೆಗೆ ಜಲ್ಲಿ ಹಾಕಿಸಿದ್ದು ಹೀಗೆ, ಮಕ್ಕಳಿಲ್ಲದೆ ಮುಚ್ಚಿಹೋದ ಶಾಲೆಯನ್ನು ಗ್ರಾಮಸಂಘದ ಸಭಾಂಗಣ ಮಾಡಿಕೊಂಡದ್ದು ಹೀಗೆ. ಕಳೆದ ವಸಂತದಲ್ಲಿ, ಸರೋವರದ ಮಂಜುಗಡ್ಡೆ ಇನ್ನೂ ಬೂದುಬಣ್ಣಕ್ಕೆ ತಿರುಗುತ್ತಿದ್ದಾಗ, ಊರಿನ ಕಂಪ್ಯೂಟರುಗಳಿಗೆಲ್ಲ ಹೊಸ ಆಪರೇಟಿಂಗ್ ಸಿಸ್ಟಂ ಹಾಕುವುದೆಂದು ತೀರ್ಮಾನವಾದದ್ದೂ ಹೀಗೆಯೇ.

ವಿಷಯವನ್ನು ಮುಂದಿಟ್ಟವನು ಸಂಘದ ಅಧ್ಯಕ್ಷ ಔಲಿಸ್. ಕಂಬ ಹತ್ತಿ ದೂರವಾಣಿಯ ತಂತಿ ಎಳೆಯುತ್ತಲೇ ನಿವೃತ್ತಿಯ ವಯಸ್ಸಿಗೆ ಬಂದವನು. ಕೆಟ್ಟವನೆಂದು ಅವನನ್ನು ಯಾರೂ ಕರೆಯಲಾರರು. ಯಾರಿಗಾದರೂ ಒಂದು ಉಪಕಾರ ಮಾಡದೆ ಅವನಿಗೆ ದಿನ ಹೋಗುತ್ತಿರಲಿಲ್ಲ, ಅಷ್ಟೆ.

"ಹಳೇ ಸಿಸ್ಟಂಗೆ ಇನ್ನು ರಕ್ಷಣೆ ಕೊಡಲ್ವಂತೆ. ಹೊಸಾದು ಬೇಕಂದ್ರೆ ಮಿಷನ್ನೇ ಹೊಸಾದು ತಗೋಬೇಕಂತೆ," ಎಂದು ಅವನು ಸಭೆಗೆ ಹೇಳಿದ. "ಗಟ್ಟಿಮುಟ್ಟಾಗಿರೋದನ್ನ ಕಸಕ್ಕೆ ಹಾಕೋ ಜನಾನಾ ನಾವು? ಪುಕ್ಕಟೆ ಸಿಸ್ಟಂ ಒಂದಿದೆ. ಅದರ ಬೀಜ ಬಿತ್ತಿದ್ದು ನಮ್ಮ ದೇಶದಲ್ಲೇ ಕಣ್ರಪ್ಪಾ! ಇಡೀ ಪ್ರಪಂಚ ಬಳಸುತ್ತೆ, ನಾವು ಮಾತ್ರ ಪಿಳಿಪಿಳಿ ನೋಡ್ತಾ ಕೂತಿದೀವಿ. ಒಂದು ಶನಿವಾರ ಎಲ್ಲರೂ ಸೇರಿ ಮುಯ್ಯಾಳಿನಲ್ಲಿ ಮಾಡಿ ಬಿಸಾಕೋಣ. ಯಾರದಾದ್ರೂ ಆಕ್ಷೇಪ ಇದೆಯಾ?"

ಮೂರನೆಯ ಸಾಲಿನಲ್ಲಿ ಕುಳಿತಿದ್ದ ನೇಯ್ಗೆಯ ಹೆಲ್ವಿ ಬಾಯಿ ತೆರೆದಳು. ನನ್ನದೊಂದನ್ನು ಬಿಟ್ಟುಬಿಡಿ ಎನ್ನುವುದಷ್ಟೇ ಅವಳಿಗಿದ್ದದ್ದು. ಆದರೆ ನನ್ನದೊಂದನ್ನು ಎಂಬ ಮಾತು ನಮ್ಮೂರಿನಲ್ಲಿ ನಾನು ನಿಮ್ಮಂಥವಳಲ್ಲ ಎಂಬಂತೆ ಕೇಳಿಸುತ್ತದೆ. ಅವಳು ಬಾಯಿ ಮುಚ್ಚಿದಳು. ಸುತ್ತಿಗೆ ಬಿತ್ತು.

ಹೆಲ್ವಿಯ ಮನೆಯ ನಡುಕೋಣೆಯನ್ನು ಆಕ್ರಮಿಸಿ ನಿಂತ ಮಗ್ಗಕ್ಕೆ ಒಂದು ಹಳೆಯ ಕಂಪ್ಯೂಟರನ್ನು ಜೋಡಿಸಲಾಗಿತ್ತು. ಹೊಕ್ಕಿನ ಒಂದೊಂದು ಎಳೆಗೂ ಹಾಸಿನ ಸಾವಿರಾರು ಎಳೆಗಳಲ್ಲಿ ಯಾವುವು ಮೇಲೇಳಬೇಕು, ಯಾವುವು ಕೆಳಗೇ ಉಳಿಯಬೇಕು ಎಂಬುದನ್ನು ಅದು ಒಂದು ಕಪ್ಪು ಪೆಟ್ಟಿಗೆಯ ಮೂಲಕ ಮಗ್ಗಕ್ಕೆ ಹೇಳುತ್ತಿತ್ತು. ಲಾಳಿ ಓಡಿಸುವ ಕೈ ಮಾತ್ರ ಹೆಲ್ವಿಯದು. ಆಗ ಅವಳು ನೇಯುತ್ತಿದ್ದುದು ನಮ್ಮ ಇಗರ್ಜಿಗೆ. ಛಾವಣಿಯ ದುರಸ್ತಿ ಮುಗಿಸಿ ಶರತ್ಕಾಲದಲ್ಲಿ ಬಿಷಪ್ಪರ ಕೈಯಿಂದ ಇಗರ್ಜಿಯ ಬಾಗಿಲು ತೆರೆಸುವುದಿತ್ತು. ಅಂದು ಬಲಿಪೀಠದ ಪಕ್ಕದ ಗೋಡೆಯಲ್ಲಿ ಆಳೆತ್ತರವನ್ನೂ ಮೀರಿದ ಆ ವಸ್ತ್ರ ತೂಗಬೇಕಾಗಿತ್ತು. ಇಗರ್ಜಿಯ ಗುಡ್ಡದಿಂದ ಕಾಣುವ ನಮ್ಮ ಊರೇ ಅದರ ಚಿತ್ರ. ಮೇಲಿನ ಅರ್ಧದಲ್ಲಿ ಆಕಾಶ, ಕೊಕ್ಕರೆಗಳ ಸಾಲು, ಕಾಡಿನ ಕಪ್ಪು ಅಂಚು. ಕೆಳಗಿನ ಅರ್ಧದಲ್ಲಿ ಸರೋವರ, ಅದರ ಸುತ್ತ ಒಂದೊಂದು ಮನೆಯ ದೋಣಿಕಟ್ಟೆ, ಕಟ್ಟೆಗೆ ಕಟ್ಟಿದ ಅವರವರದೇ ದೋಣಿ. ಎರಡು ಚಳಿಗಾಲ ಅವಳು ಅದನ್ನು ಪರದೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕೂಡಿಸಿದ್ದಳು. ಕಟ್ಟೆಗಳ ಸಂಗತಿ ಗೆಳತಿ ಸೈಮಿಯ ಹೊರತು ಯಾರಿಗೂ ಗೊತ್ತಿರಲಿಲ್ಲ. ಬಲಭುಜ ಸವೆದಿದೆ, ಇದಾದ ಮೇಲೆ ದೊಡ್ಡ ಮಗ್ಗಕ್ಕೆ ಕೂರಬೇಡಿ ಎಂದು ವೈದ್ಯರು ಹೇಳಿದ್ದರು. ಆದುದರಿಂದ ಅದು ಅವಳ ಕೊನೆಯ ದೊಡ್ಡ ಕೆಲಸ. ಅದರಲ್ಲಿ ಆಕಾಶವೂ ಕಾಡೂ ಮುಗಿದು ನೀರಿನ ಅಂಚು ಶುರುವಾಗುವುದರಲ್ಲಿತ್ತು.

ಶನಿವಾರ ಔಲಿಸ್ ತನ್ನ ವ್ಯಾನು ತಂದು ಅವಳ ಬಾಗಿಲಲ್ಲಿ ನಿಲ್ಲಿಸಿದ.

"ಏನು ಹೆಲ್ವಿ, ಊರಿಗೆ ಊರೇ ಮಿಷನ್ ಹೊತ್ಕೊಂಡು ಬಂತು, ನಿಂದೊಂದೇ ಬಾಕಿ. ಅಲ್ಲಿ ಬಟಾಣಿ ಸೂಪು ಆರಿ ಮುದ್ದೆ ಆಗ್ತಿದೆ."

"ನಂದು ಬೇಡ ಅನ್ಸುತ್ತೆ ಔಲಿಸ್. ಅದಕ್ಕೆ ಮಗ್ಗ ಕಟ್ಟಿದೆ."

"ಕಟ್ಟಿದ್ರೆ ಬಿಚ್ಚಿದ್ರಾಯ್ತು. ಎರಡು ತಿರುಪು ತಾನೆ?"

"ಹಂಗಲ್ಲ. ಅದರೊಳಗೆ ನನ್ನ ನೇಯ್ಗೆ ಇದೆ."

"ಫೈಲೆಲ್ಲಾ ಮೊದಲೇ ತೆಗೆದು ಭದ್ರವಾಗಿ ಇಡ್ತೀವಿ ಮಾರಾಯ್ತಿ, ಒಂದು ಚುಕ್ಕೆ ಆಚೀಚೆ ಆಗಲ್ಲ. ನಲವತ್ತು ವರ್ಷ ತಂತಿ ಎಳೆದೋನು ನಾನು, ನಿನ್ನ ದಾರಕ್ಕೆ ಹೆದರ್ತೀನಾ?"

ಬಾಗಿಲಿಗೆ ಬಂದ ಮುಯ್ಯಾಳನ್ನು ಹಿಂದಕ್ಕೆ ಕಳಿಸಿದವರು ಕೌರಲಂಪಿಯಲ್ಲಿ ಇಲ್ಲ. ಅದಕ್ಕೆ ಕೂಲಿ ಕೊಡುವ ಹಾಗಿಲ್ಲ, ಅದನ್ನು ಬೇಡವೆನ್ನುವ ಹಾಗಿಲ್ಲ, ಮುಗಿದ ಮೇಲೆ ಅದರಲ್ಲಿ ಕುಂದು ಹುಡುಕುವ ಹಾಗಂತೂ ಇಲ್ಲವೇ ಇಲ್ಲ. ಬಂದವರಿಗೆ ಸೂಪು, ಅದರ ಮೇಲೊಂದು ಕೃತಜ್ಞತೆ, ಅಲ್ಲಿಗೆ ಲೆಕ್ಕ ಚುಕ್ತಾ. ಹೆಲ್ವಿ ಎರಡು ಸಲ ಹೇಳಿದ್ದಳು. ಮೂರನೆಯ ಸಲ ಹೇಳಲಿಲ್ಲ. ಯಂತ್ರವನ್ನು ತಾನೇ ಉಣ್ಣೆಯ ಶಾಲಿನಲ್ಲಿ ಸುತ್ತಿ ಅವನ ಕೈಗಿತ್ತಳು.

ಅಂದಿನ ಸಭಾಂಗಣವನ್ನು ನೋಡಿದವರಿಗೆ ಸಂತೋಷವಾಗದೆ ಇರುತ್ತಿರಲಿಲ್ಲ, ನನಗೂ ಆಯಿತು. ಮಕ್ಕಳ ಹಳೆಯ ಡೆಸ್ಕುಗಳ ಮೇಲೆ ಸಾಲಾಗಿ ತೆರೆದಿಟ್ಟ ಯಂತ್ರಗಳು, ನಡುವೆ ಕನ್ನಡಕ ಹಣೆಗೇರಿಸಿ ಓಡಾಡುವ ಔಲಿಸ್, ಒಲೆಯ ಬಳಿ ದೊಡ್ಡ ಸೌಟು ಹಿಡಿದ ಸೈಮಿ. ಸಂಜೆಯ ಹೊತ್ತಿಗೆ ಎಲ್ಲ ಪರದೆಗಳ ಮೇಲೂ ಒಂದೇ ನೀಲಿ ಬೆಳಗಿತು. ಜನ ಚಪ್ಪಾಳೆ ತಟ್ಟಿದರು. ಹೆಲ್ವಿಯೂ ತಟ್ಟಿದಳು. ಹೊರಡುವಾಗ ಔಲಿಸ್ ಅವಳ ಅಂಗೈಯಲ್ಲಿ ಒಂದು ಪೆನ್ ಡ್ರೈವ್ ಇಟ್ಟು, "ನಿನ್ನ ನೇಯ್ಗೆ ಪೂರ್ತಿ ಇದರಲ್ಲಿದೆ," ಎಂದ.

ಮುಂದಿನ ವಾರಗಳಲ್ಲಿ ಅಂಗಡಿಯ ಕಾಫಿ ಮೇಜಿನ ಸುತ್ತ ಬೇರೆ ಮಾತೇ ಇರಲಿಲ್ಲ.

"ನೀರು ಕುದಿಯೋದರೊಳಗೆ ನಂದು ಎದ್ದು ಕೂತಿರುತ್ತೆ," ಎನ್ನುತ್ತಿದ್ದಳು ಅಂಗಡಿಯ ರೌನಿ. "ಜಾಹೀರಾತಿಲ್ಲ, ಪೀಡೆಯಿಲ್ಲ. ಹತ್ತು ವರ್ಷ ಚಿಕ್ಕದಾಗಿದೆ. ನನಗೂ ಒಂದು ಸಿಸ್ಟಂ ಹಾಕ್ತಾನೇನೋ ಔಲಿಸ್, ಕೇಳ್ಬೇಕು."

"ನಿನಗೆ ಹಾಕಕ್ಕೆ ಅಷ್ಟು ಜಾಗ ಖಾಲಿ ಇರಬೇಕಲ್ಲ ತಲೇಲಿ," ಎಂದ ಮೀನುಗಾರ ವಿಲ್ಯೊ.

"ನಿನ್ನ ತಲೇಲಿ ಬರೀ ಜಾಗವೇ ಇದೆ, ಅದಕ್ಕೇ ಏನು ಹಾಕಿದ್ರೂ ನಿಲ್ಲಲ್ಲ. ನಿನ್ನ ಪ್ರಿಂಟರ್ ಏನಾಯ್ತು?"

"ಅರ್ಧ ಹಾಳೆ ಉಗುಳುತ್ತೆ, ಅರ್ಧ ನುಂಗುತ್ತೆ. ಇಸ್ಪೀಟು ಆಟವೂ ಹೋಯ್ತು. ಮೊದಲು ಮಿಷನ್ನು ನನ್ನ ಬೈತಿತ್ತು, ಈಗ ನಾನು ಅದನ್ನ ಬೈತೀನಿ. ಆದ್ರೂ ಔಲಿಸ್ ಪಾಪ, ಬೆನ್ನು ಮುರಿದು ದುಡಿದ."

ದೂರಿನ ಕೊನೆಗೆ ಈ ಬಾಲ ಇರಲೇಬೇಕಾಗಿತ್ತು. ನನ್ನ ಯಂತ್ರ ಶಬ್ದ ಮಾಡುವುದನ್ನೇ ನಿಲ್ಲಿಸಿ ಬಾನುಲಿ ಕೇಳುವ ಸುಖ ತಪ್ಪಿಸಿತು. ಔಲಿಸ್ ಪಾಪ ಎಂದು ನಾನೂ ಸೇರಿಸಿದೆ. ಹೆಲ್ವಿ ಬೆಣ್ಣೆ ಹಚ್ಚಿದ ಏಲಕ್ಕಿ ಬನ್ನು ಮುರಿಯುತ್ತ ಕೇಳುತ್ತಿದ್ದಳು.

ಅವಳ ಮಗ್ಗದ ಪೆಟ್ಟಿಗೆಯ ದೀಪ ಹತ್ತಿಕೊಂಡೇ ಇರಲಿಲ್ಲ. ಹೊಸ ಸಿಸ್ಟಂಗೆ ಆ ಪೆಟ್ಟಿಗೆ ಯಾವುದೆಂದೇ ತಿಳಿಯದು. ಕರೆದೊಡನೆ ಔಲಿಸ್ ಬಂದ. ಸತ್ಯವನ್ನು ಹೇಳಬೇಕು, ಸಂಜೆಯ ಮೇಲೆ ಸಂಜೆ ಬಂದು ಕುಳಿತ. ಕೊನೆಗೆ ಹಳೆಯ ಸಿಸ್ಟಮ್ಮನ್ನೇ ತಿರುಗಿ ಹಾಕಿ ನೋಡಿದ. ಆಗ ನೇಯ್ಗೆಯ ತಂತ್ರಾಂಶವು ಮತ್ತೆ ತೆರೆದುಕೊಳ್ಳಲು ಒಂದು ಗುಪ್ತಸಂಖ್ಯೆ ಕೇಳಿತು. ಆ ಸಂಖ್ಯೆಯನ್ನು ಪ್ರತಿ ಸಲವೂ ಹೊಸದಾಗಿ, ಫೋನಿನಲ್ಲಿ, ಅದನ್ನು ಮಾಡಿದವರೇ ಕೊಡಬೇಕು. ಮಾಡಿದ್ದು ಡೆನ್ಮಾರ್ಕಿನ ಒಂದು ಸಣ್ಣ ಕಾರ್ಖಾನೆ. ಅದು ಬಾಗಿಲು ಹಾಕಿ ವರ್ಷಗಳಾಗಿದ್ದವು. ಅವರ ನಂಬರಿಗೆ ಫೋನು ಮಾಡಿದರೆ ಯಾವುದೋ ಹಲ್ಲಿನ ವೈದ್ಯರ ಸಹಾಯಕಿ ಎತ್ತಿಕೊಂಡು, ನೋವು ಯಾವ ಹಲ್ಲಿನಲ್ಲಿ ಎಂದು ಕೇಳಿದಳು.

"ಫೈಲುಗಳೆಲ್ಲಾ ಇದಾವೆ ನೋಡು, ಒಂದೂ ಹೋಗಿಲ್ಲ," ಎಂದ ಔಲಿಸ್.

"ತೆಗಿ ಹಂಗಾದ್ರೆ."

"ತೆಗೆಯಕ್ಕೆ ಬರಲ್ಲ."

"ಹೋಗೋದು ಅಂದ್ರೆ ಮತ್ತೆ ಯಾವುದು, ಔಲಿಸ್?"

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ತಪ್ಪು ಆ ಡೆನ್ಮಾರ್ಕಿನೋರದ್ದು. ಬೀಗ ಜಡಿದು ಕೀಲಿ ಜೇಬಿಗೆ ಹಾಕ್ಕೊಂಡು ಹೋದ್ರು. ನಮ್ಮ ಸಿಸ್ಟಂದು ಏನೂ ತಪ್ಪಿಲ್ಲ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಸುಳ್ಳಿದ್ದಿದ್ದರೆ ಹೆಲ್ವಿಗೆ ಅದನ್ನು ಹಿಡಿದು ಜಗ್ಗಲು ಒಂದು ಕೊನೆಯಾದರೂ ಸಿಕ್ಕುತ್ತಿತ್ತು.

ಮುಂದಿನ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆಂದು ಅವಳು ಸೈಮಿಗೆ ಹೇಳಿದಳು. ಸೈಮಿ ಗಾಬರಿಯಾದಳು.

"ಸುಮ್ನಿರು ಹೆಲ್ವಿ. ಮುಯ್ಯಿಗೆ ಬಂದೋರನ್ನ ಬೈಯೋದುಂಟಾ? ನಾಳೆ ನಿನ್ನ ಸೌದೆ ಒಡೆಯಕ್ಕೆ ಯಾರು ಬರ್ತಾರೆ? ಯಾರೂ ನಿನಗೆ ಕೇಡು ಬಯಸಿಲ್ಲ ಕಣೇ."

"ಬಯಸಿದ್ರೆ ಬೈಯಬಹುದಿತ್ತು," ಎಂದಳು ಹೆಲ್ವಿ.

ಅವಳು ಸಭೆಯಲ್ಲಿ ಎತ್ತಲಿಲ್ಲ. ಬದಲಿಗೆ ಎಳೆಗಳನ್ನು ಕೈಯಿಂದಲೇ ಎಣಿಸಿ ಎತ್ತಿ, ನೆನಪಿನ ಮೇಲೆ ನೀರಿನ ಅಂಚನ್ನು ನೇಯಲು ಕುಳಿತಳು. ಒಂದು ವಾರದ ದುಡಿಮೆಗೆ ಎರಡು ಬೆರಳಗಲ ಬಂದಿತು. ಅದರಲ್ಲಿ ದಡ ಸೊಟ್ಟಗಾಗಿತ್ತು, ದಡಕ್ಕೆ ತಾಗಬೇಕಾಗಿದ್ದ ಮೊದಲ ದೋಣಿ ಮುರಿದ ಪೆಟ್ಟಿಗೆಯಂತೆ ಕಾಣುತ್ತಿತ್ತು. ಭುಜ ಊದಿಕೊಂಡು ತೋಳು ಮೇಲೇಳದಾಯಿತು. ಆ ಎರಡು ಬೆರಳಗಲವನ್ನು ಅವಳು ಎಳೆ ಎಳೆಯಾಗಿ ಬಿಚ್ಚಿದಳು. ಮಗ್ಗದ ಕಾಲಡಿಯ ಹಲಗೆಗಳನ್ನು ತುಳಿದರೆ ಕಂಪ್ಯೂಟರಿನ ಹಂಗಿಲ್ಲದೆ ಸಾದಾ ನೇಯ್ಗೆಯೊಂದು ಬರುತ್ತಿತ್ತು, ಹಾಸಿಗೆಯ ಬಟ್ಟೆಯಂಥದು. ಲಾಳಿಯಲ್ಲಿ ಬಿಳಿಯ ನೂಲು ತುಂಬಿ, ಎಡಗೈಯಲ್ಲಿ ಅದನ್ನು ಓಡಿಸುತ್ತ, ಊರಿನವರು ತಮ್ಮ ದೋಣಿಗಳಲ್ಲಿ ಮೀನು ಹಿಡಿಯುತ್ತಿದ್ದ ಆ ಬೇಸಿಗೆಯೆಲ್ಲ ಅವಳು ಕೆಳಗಿನ ಅರ್ಧವನ್ನು ಬಿಳಿಯಾಗಿ ನೇಯ್ದು ಮುಗಿಸಿದಳು.

ಶರತ್ಕಾಲದ ಭಾನುವಾರ ಇಗರ್ಜಿ ಕಿಕ್ಕಿರಿದಿತ್ತು. ಪರದೆ ಸರಿದಾಗ ಎಲ್ಲರೂ ತಲೆಯೆತ್ತಿದರು. ಕೊಕ್ಕರೆಗಳು ಹಾರುತ್ತಿದ್ದವು, ಕಾಡು ಕಪ್ಪಾಗಿ ನಿಂತಿತ್ತು, ಅದರ ಕೆಳಗೆ ಏನೂ ಇರಲಿಲ್ಲ. ಬಿಷಪ್ಪರು ಹೊಸ ಹಿಮದ ಶುಭ್ರತೆಯನ್ನು ಕುರಿತು, ದೇವರ ಮುಂದೆ ಮನುಷ್ಯನು ತಾಳಬೇಕಾದ ಮೌನವನ್ನು ಕುರಿತು ಸೊಗಸಾಗಿ ಮಾತನಾಡಿದರು. ಹೆಲ್ವಿ ತನ್ನ ಕೈಗಳನ್ನು ನೋಡುತ್ತ ಕುಳಿತಿದ್ದಳು.

ಪೂಜೆಯ ನಂತರದ ಕಾಫಿ ಇಗರ್ಜಿಯ ಪಕ್ಕದ ಕೋಣೆಯಲ್ಲಿ. ಬಿಷಪ್ಪರು ಬೇಗ ಹೊರಟುಹೋಗಿ ನಾವು ನಾವೇ ಉಳಿದಿದ್ದೆವು. ಔಲಿಸ್ ಕೇಕಿನ ತಟ್ಟೆ ಹಿಡಿದುಕೊಂಡು ಹೆಲ್ವಿಯ ಮುಂದೆ ಬಂದು ನಿಂತ. ಅವನ ಮುಖದಲ್ಲಿ ಕಪಟವೇನೂ ಇರಲಿಲ್ಲ.

"ನೋಡಿದ್ಯಾ, ಕೊನೆಗೆ ಒಳ್ಳೇದೇ ಆಯ್ತು. ಮೊದಲಿನ ಚಿತ್ರಾನೇ ಇದ್ದಿದ್ರೆ ಈ ಥರ ಬರ್ತಿತ್ತಾ? ಆ ಹಿಮ ಬಿಟ್ಟಿದೀಯಲ್ಲ ಕೆಳಗಡೆ, ಅದೇ ಅದರ ಸೊಗಸು."

"ಅದು ಹಿಮ ಅಲ್ಲ," ಎಂದಳು ಹೆಲ್ವಿ.

"ಮತ್ತೆ?"

"ಏನೂ ಅಲ್ಲ. ಅಲ್ಲಿ ನೀರಿತ್ತು. ನಿನ್ನ ದೋಣಿಕಟ್ಟೆ ಇತ್ತು ಔಲಿಸ್, ನಿನ್ನ ಹಳದಿ ದೋಣಿ ಸಮೇತ. ನೀವು ಒಂದು ಶನಿವಾರ ಸೂಪು ಕುಡೀತಾ ಅದನ್ನ ಅಳಿಸಿಬಿಟ್ರಿ."

ಕೋಣೆಯಲ್ಲಿ ಚಮಚಗಳ ಸದ್ದು ನಿಂತಿತು. ವಿಲ್ಯೊ ಕೇಳಿದ: "ನಮ್ಮದೂ ಇತ್ತಾ?"

"ಇತ್ತು. ಮುರಿದ ಹಲಗೆ ಸಮೇತ."

"ನಮ್ಮದು?" ಎಂದಳು ರೌನಿ.

"ಇತ್ತು. ನಿನ್ನ ಕಂಬಳಿ ಒಗೆಯೋ ಕಲ್ಲೂ ಇತ್ತು."

ಔಲಿಸ್ ಕೆಂಪಾಗಿದ್ದ. "ನನಗೇನು ಕನಸು ಬಿದ್ದಿತ್ತಾ? ಹೇಳಬೇಕಿತ್ತು ನೀನು. ಸಭೇಲಿ ಬಾಯಿಬಿಟ್ಟು ಕೇಳಿದ್ನಲ್ಲ, ಆಕ್ಷೇಪ ಇದೆಯಾ ಅಂತ. ಅಲ್ಲೇ ಕೂತಿದ್ದೆ ನೀನು."

"ಕೂತಿದ್ದೆ."

"ಮತ್ತೆ?"

ಹೆಲ್ವಿ ತನ್ನ ಬಲಭುಜವನ್ನು ಎಡಗೈಯಿಂದ ಒತ್ತಿಕೊಂಡಳು. ಆದರೆ ಔಲಿಸ್ ಸೋಲೊಪ್ಪಿ ಮನೆಗೆ ಹೋಗುವವನಲ್ಲ. ಕ್ಷಣದಲ್ಲಿ ಅವನ ಮುಖ ಅರಳಿತು. ಚಮಚದಿಂದ ಬಟ್ಟಲನ್ನು ತಟ್ಟಿ ಎಲ್ಲರ ಕಡೆ ತಿರುಗಿದ.

"ಕೇಳ್ರಪ್ಪಾ! ಜಾಗ ಹೆಂಗೂ ಖಾಲಿ ಇದೆ. ಬಟ್ಟೇನ ಇಳಿಸೋಣ, ಒಂದು ಶನಿವಾರ ಸಭಾಂಗಣದಲ್ಲಿ ಹಾಸೋಣ, ಅವರವರ ಕಟ್ಟೇನ ಅವರವರೇ ದಾರ ಸೂಜಿ ತಗೊಂಡು ಹಾಕಿಬಿಡೋಣ. ಸೈಮಿ ಹೇಳಿಕೊಡ್ತಾಳೆ. ಮುಯ್ಯಾಳು ಸೇರಿದ್ರೆ ಒಂದು ದಿನದ ಕೆಲಸ. ಹೆಲ್ವಿ ಆರಾಮಾಗಿ ಕೂತು ನೋಡ್ಲಿ. ಏನಂತೀರಿ? ಯಾರದಾದ್ರೂ ಆಕ್ಷೇಪ ಇದೆಯಾ?"

ಜನರ ಮುಖಗಳು ಬೆಳಗಿದವು. ನಿಜವಾಗಿ ಬೆಳಗಿದವು, ಸೈಮಿಯ ಕಣ್ಣಲ್ಲಿ ನೀರೂ ಬಂದಿತ್ತು. ಎಲ್ಲರೂ ತಮ್ಮ ಬೂಟುಗಳ ತುದಿಯನ್ನು ನೋಡಿಕೊಂಡರು.

"ಇದೆ," ಎಂದಳು ಹೆಲ್ವಿ.

ಮುಂದೇನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ಅಂಥ ಪ್ರಸಂಗ ಹಿಂದೆ ಬಂದಿರಲಿಲ್ಲ. ಔಲಿಸ್ ಚಮಚವನ್ನು ತಟ್ಟೆಯ ಮೇಲಿಟ್ಟ. ಅದು ಜಾರಿ ನೆಲಕ್ಕೆ ಬಿತ್ತು. ರೌನಿ, "ಎಂಥಾ ಹೆಂಗಸಪ್ಪಾ," ಎಂದು ಗೋಡೆಗೆ ಹೇಳುವವಳಂತೆ ಹೇಳಿದಳು. ಸೈಮಿ ಕಾಫಿಯ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಹೆಲ್ವಿ ಎದ್ದು ಬಾಗಿಲ ಬಳಿಯ ಗೂಟದಿಂದ ತನ್ನ ಕೋಟು ತೆಗೆದುಕೊಂಡಳು. ಎಡಗೈ ತೋಳಿನೊಳಗೆ ಹೋಯಿತು. ಬಲಗೈ ಭುಜದ ಮಟ್ಟಕ್ಕೂ ಏಳಲಿಲ್ಲ. ಖಾಲಿ ತೋಳನ್ನು ಹಿಡಿಯಲು ಅವಳು ಹಿಂದಕ್ಕೆ ತಡಕಿದಳು, ಮತ್ತೆ ತಡಕಿದಳು. ಅವಳಿಗೆ ತೀರ ಹತ್ತಿರ ನಿಂತಿದ್ದವನು ವಿಲ್ಯೊ, ಅವನ ಪಕ್ಕದಲ್ಲಿ ನಾನು. ನಾವಿಬ್ಬರೂ ನೋಡಿದೆವು. ಆದರೆ ನೆರವು ಬೇಡವೆಂದು ಈಗತಾನೇ ಊರಿನೆದುರು ಹೇಳಿದವಳ ಕೋಟಿಗೆ ಕೈ ಹಾಕುವುದು ಹೇಗೆಂದು ನಮಗೆ ಗೊತ್ತಿರಲಿಲ್ಲ. ಕೊನೆಗೆ ಅವಳು ಕೋಟನ್ನು ಆ ಭುಜದ ಮೇಲೆ ಸುಮ್ಮನೆ ಹೊದ್ದು, ಕೊರಳ ಬಳಿ ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡು, ಬಾಗಿಲನ್ನು ಮೊಣಕೈಯಿಂದ ತಳ್ಳಿ ಹೊರಗೆ ಹೋದಳು.