ಮೇಟಿ ಇಲ್ಲದ ಅಂಗಳ

ಮೈಸೂರಿನಲ್ಲಿ ಓದುವಾಗ ನಾನು ಆಡಿದ ಕೊನೆಯ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಹನ್ನೊಂದು ಪಾಯಿಂಟು ಹಾಕಿದ್ದೆ. ಇನ್ನೊಂದಕ್ಕೆಂದು ಹಾರಿ ಕೆಳಗೆ ಬಿದ್ದಾಗ ಬಲಮಂಡಿ ತಿರುಚಿಕೊಂಡಿತು. ಮಂಡಿ ಆಮೇಲೆ ಸರಿಹೋಗಲೇ ಇಲ್ಲ. ಆದರೆ ಆ ಹನ್ನೊಂದನ್ನು ನಾನು ಬಿಟ್ಟವನಲ್ಲ. ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ. ನಲವತ್ತನೇ ಇಸವಿಯಲ್ಲಿ ಮಧುಗಿರಿಯ ಹೈಸ್ಕೂಲಿಗೆ ಡ್ರಿಲ್ ಮೇಷ್ಟ್ರಾಗಿ ಬಂದ ದಿನವೇ ಹೆಡ್‌ಮಾಸ್ಟರ್ ವೆಂಕಟರಾಮಯ್ಯನವರಿಗೂ ಹೇಳಿದೆ. ಅವರು ನಶ್ಯ ಏರಿಸುತ್ತಾ, "ಬಹಳ ಸಂತೋಷ ಸಂಜೀವಯ್ಯನವರೇ. ಇಲ್ಲಿ ಹುಡುಗರಿಗೆ ಎಡಗಾಲು ಯಾವುದು, ಬಲಗಾಲು ಯಾವುದು ಅಂತ ಕಲಿಸಿದರೆ ಸಾಕು" ಅಂದರು.

ನನಗೆ ಸಾಕಾಗಲಿಲ್ಲ. ಟ್ರಂಕಿನಲ್ಲಿದ್ದ ಚೆಂಡನ್ನು ತೆಗೆದು, ಗಾಳಿ ತುಂಬಿ, ದಾರ ಬಿಗಿದು ಶಾಲೆಯ ಬಯಲಿಗೆ ತಂದೆ. ಆ ಬಯಲೋ, ಬೆಟ್ಟದ ಕಡೆಯಿಂದ ಊರಿನ ಕಡೆಗೆ ಇಳಿಜಾರು. ಕೈತಪ್ಪಿದ ಚೆಂಡು ಕೋರ್ಟು ಕಚೇರಿಯವರೆಗೂ ಉರುಳಿ ಹೋಗುತ್ತಿತ್ತು. ಮೂರನೆಯ ದಿನ ಅದು ವಕೀಲರೊಬ್ಬರ ಕಾಲಿಗೆ ಸಿಕ್ಕಿ ಅವರು ಬೋರಲು ಬಿದ್ದರು. ಹೆಡ್‌ಮಾಸ್ಟರು ನನ್ನನ್ನು ಕರೆಸಿಕೊಂಡರು.

"ಈ ಆಟ ಬೇಕೇ ಬೇಕೇನ್ರಿ?"

"ಬೇಕೇ ಬೇಕು ಸಾರ್."

"ಹಾಗಾದರೆ ಬೇರೆ ಜಾಗ ನೋಡಿಕೊಳ್ಳಿ. ದೀಪಾವಳಿ ಕಳೆದ ಮೇಲೆ ತುಮಕೂರಿನಲ್ಲಿ ಶಾಲೆಗಳ ಪಂದ್ಯ ಇದೆ. ಗೆದ್ದು ಬಂದರೆ ಆಟ ಉಳಿಯುತ್ತೆ. ಇಲ್ಲವಾದರೆ ಚೆಂಡು ಬೀರುವಿಗೆ, ನೀವು ಎಡಗಾಲು ಬಲಗಾಲಿಗೆ." ಅವರು ತಮಾಷೆಗೆ ಹೇಳುವ ಪೈಕಿ ಅಲ್ಲ ಎಂದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು.

ಜಾಗ ತೋರಿಸಿದವನು ಜುಂಜಪ್ಪ. ಹುಲಿಕುಂಟೆ ಕಡೆಯ ಹುಡುಗ, ಊರಾಚೆ ಇದ್ದ ದೊಡ್ಡವ್ವ ಮುದ್ದಕ್ಕನ ಮನೆಯಲ್ಲಿದ್ದುಕೊಂಡು ಓದುತ್ತಿದ್ದ. ತರಗತಿಯ ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಉದ್ದ. ಅವನು ತೋರಿಸಿದ ಮುದ್ದಕ್ಕನ ಒಕ್ಕಣೆಯ ಕಣ ಮಣ್ಣಿನದಲ್ಲ, ಹಾಸುಬಂಡೆಯ ಮೇಲಿನದು. ಅಂಗೈಯಷ್ಟು ಸಮ. ಚೆಂಡನ್ನು ಒಮ್ಮೆ ಪುಟಿಸಿ ನೋಡಿದೆ. ಎದೆಯ ಮಟ್ಟಕ್ಕೆ ಎದ್ದು ಬಂತು. ನನಗೆ ಕುಣಿಯುವಷ್ಟು ಖುಷಿಯಾಯಿತು. ಒಂದೇ ಒಂದು ತೊಡಕು. ಕಣದ ನಟ್ಟನಡುವೆ ಆಳೆತ್ತರದ ಕಲ್ಲಿನ ಮೇಟಿ. ಒಕ್ಕಣೆಯ ಕಾಲದಲ್ಲಿ ಎತ್ತುಗಳನ್ನು ಇದಕ್ಕೆ ಕಟ್ಟಿ ತೆನೆಯ ಮೇಲೆ ಸುತ್ತ ತುಳಿಸುತ್ತಾರೆ.

"ಮುದ್ದಕ್ಕ, ಸುಗ್ಗಿಯವರೆಗೆ ಇದನ್ನು ಕಿತ್ತಿಡೋಣ. ಆಮೇಲೆ ನಾನೇ ನಿಂತು ನೆಡಿಸಿಕೊಡ್ತೀನಿ" ಅಂದೆ.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮೇಷ್ಟ್ರೇ, ನಮ್ಮ ಮಾವ ನೆಟ್ಟಿದ್ದು ಕಣಪ್ಪ ಅದು. ವರ್ಸಾ ವರ್ಸಾ ಪೂಜೆ ಮಾಡ್ತೀವಿ. ನೀವ್ ಆಟಾಡಿ, ಬ್ಯಾಡ ಅನ್ನಾಕಿಲ್ಲ. ಮೇಟಿ ಮುಟ್ಟಂಗಿಲ್ಲ. ಮೆಟ್ಟು ಹಾಕ್ಕಂಡು ಕಣದ್ ಮ್ಯಾಕೆ ಬರಂಗಿಲ್ಲ. ಅಷ್ಟೇಯ."

ಮೂರು ಸಲ ಕೇಳಿದೆ. ಮೂರು ಸಲವೂ ಅದೇ ಉತ್ತರ. ಸರಿ, ಮೇಟಿ ಇದ್ದ ಹಾಗೇ ಆಡುವುದೆಂದು ತೀರ್ಮಾನಿಸಿದೆ. ಕಮ್ಮಾರ ಶಂಕರಲಿಂಗಪ್ಪ ಹಳೆಯ ಗಾಡಿಚಕ್ರದ ಪಟ್ಟಿ ಬಗ್ಗಿಸಿ ಎರಡು ಬಳೆ ಮಾಡಿಕೊಟ್ಟ. ಒಂದನ್ನು ಹುಣಸೆಮರಕ್ಕೆ, ಇನ್ನೊಂದನ್ನು ಕಲ್ಲು ಪೇರಿಸಿ ನಿಲ್ಲಿಸಿದ ಮರದ ಕಂಬಕ್ಕೆ ಬಿಗಿದೆವು. ಪ್ರತಿ ಸಂಜೆ ಚಪ್ಪಲಿಗಳನ್ನು ಕಣದ ಅಂಚಿನಲ್ಲಿ ಸಾಲಾಗಿ ಬಿಟ್ಟು ಬರಿಗಾಲಲ್ಲಿ ಅಭ್ಯಾಸ. ಹುಡುಗರಿಗೆ ಬೈದೆ, ಗದರಿದೆ, ಅಂಗಾಲು ಬೊಬ್ಬೆ ಬರುವವರೆಗೆ ಓಡಿಸಿದೆ. ಚುರುಕಿನ ಬೊಮ್ಮಪ್ಪ ಎರಡು ವಾರದಲ್ಲಿ ಚೆಂಡನ್ನು ಕಣ್ಣುಮುಚ್ಚಿ ಪುಟಿಸುವಂತಾದ. ಕಾರ್ತಿಕದ ಹೊತ್ತಿಗೆ ನನ್ನ ಐದು ಜನ ತಯಾರಾಗಿದ್ದರು.

ಹೊರಡುವ ಮುಂಚೆ ಒಂದು ಕೆಲಸ ಯಾರಿಗೂ ಹೇಳದೆ ಮಾಡಿದೆ. ಹೊಸ ಕ್ಯಾನ್ವಾಸ್ ಷೂ ಕೊಂಡು ಚೀಲದ ತಳಕ್ಕೆ ಹಾಕಿದೆ. ಪ್ರತಿ ತಂಡದಲ್ಲಿ ಒಬ್ಬ ಹುಡುಗನ ಬದಲು ಮೇಷ್ಟ್ರು ಆಡಬಹುದು ಎಂದು ಪಂದ್ಯದ ಕಾಗದದಲ್ಲಿ ಬರೆದಿತ್ತು. ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೆನೋ ದೇವರಿಗೇ ಗೊತ್ತು.

ತುಮಕೂರಿನ ಅಂಗಳ ಚೊಕ್ಕಟವಾಗಿತ್ತು. ಸುಣ್ಣದ ಗೆರೆ, ಬಲೆ ಕಟ್ಟಿದ ರಿಂಗು, ಸುತ್ತ ಮುನ್ನೂರು ಜನ. ಎದುರಾಳಿಗಳ ಜೊತೆಗೆ ಅವರ ಮೇಷ್ಟ್ರೂ ಆಡಲು ಇಳಿದಿದ್ದರು. ಸೀಟಿ ಕೂಗಿತು. ಬೊಮ್ಮಪ್ಪ ಚೆಂಡು ಹಿಡಿದು ನೆಟ್ಟಗೆ ನುಗ್ಗಿದ. ನಡು ಅಂಗಳ ಹತ್ತಿರವಾಯಿತು ನೋಡಿ, ಸರಕ್ಕನೆ ಪಕ್ಕಕ್ಕೆ ಹೊರಳಿ, ಏನೂ ಇಲ್ಲದ ಜಾಗವನ್ನು ಒಂದು ಸುತ್ತು ಬಳಸಿಕೊಂಡು ಮುಂದೆ ಹೋದ. ಅಷ್ಟರಲ್ಲಿ ಎದುರಾಳಿ ಚೆಂಡು ಕಸಿದಿದ್ದ. ಮುಂದಿನವನೂ ಅದನ್ನೇ ಮಾಡಿದ. ಅವನ ಹಿಂದಿನವನೂ ಅದನ್ನೇ ಮಾಡಿದ. ಐದಕ್ಕೆ ಐದೂ ಜನ ಇಲ್ಲದ ಮೇಟಿಯನ್ನು ಸುತ್ತುತ್ತಿದ್ದರು! ಅದೂ ಎತ್ತು ಸುತ್ತುವ ಹಾಗೆ ಒಂದೇ ದಿಕ್ಕಿಗೆ.

ಜನ ಬಿದ್ದು ಬಿದ್ದು ನಕ್ಕರು. "ಗಾಣದೆತ್ತು ಬಂದವೆ, ಹುಲ್ಲು ಹಾಕ್ರಪ್ಪ!" ಎಂದು ಒಬ್ಬ ಕೂಗಿದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಿಟ್ಟು ಹುಡುಗರ ಮೇಲಲ್ಲ, ನನ್ನ ಮೇಲೆ. ನಾಲ್ಕು ತಿಂಗಳು ಕಣ್ಣೆದುರಿಗೇ ನಡೆದದ್ದು ನನಗೆ ಕಂಡಿರಲಿಲ್ಲ. ಅರ್ಧ ಆಟ ಮುಗಿದಾಗ ಅವರು ಹದಿನಾರು, ನಾವು ಆರು.

ಹುಡುಗರು ನೀರು ಕುಡಿಯಲೂ ಮನಸ್ಸಿಲ್ಲದೆ ತಲೆ ತಗ್ಗಿಸಿ ಕೂತರು. ನಾನು ಚೀಲದಿಂದ ಷೂ ತೆಗೆದು ಹಾಕಿಕೊಳ್ಳತೊಡಗಿದೆ. ಜುಂಜಪ್ಪ ನೋಡಿದ.

"ನೀವ್ ಆಡ್ತೀರಾ ಸಾ?"

"ಇನ್ನೇನು ಮಾಡಲೋ?"

"ನಂಗಂತೂ ಮೇಟಿ ಇಲ್ದೆ ತಲೆ ತಿರ್ಗ್‌ದಂಗಾಯ್ತದೆ ಸಾ. ಎಲ್ ಓಗ್ಬೇಕು, ಎಲ್ ತಿರುಗ್ಬೇಕು, ಒಂದೂ ತಿಳೀವಲ್ದು." ಆಮೇಲೆ ಹೇಳಿದ, "ನೀವೇ ಮೇಟಿ ಇದ್ದಂಗೆ ನಡೂಕ್ ನಿಂತ್ಕಳಿ ಸಾ. ನಿಮ್ಗೆ ಓಡೋ ಕೆಲ್ಸಾನೇ ಇಲ್ಲ. ನಾವ್ ಸುತ್ತ ಆಡ್ಕತೀವಿ."

ಹುಡುಗ ಅರಿಯದೆಯೇ ಆಟದ ಗುಟ್ಟು ಹೇಳಿಬಿಟ್ಟಿದ್ದ. ನಡುವೆ ಒಬ್ಬ ಎತ್ತರದವನು ರಿಂಗಿಗೆ ಬೆನ್ನುಮಾಡಿ ನಿಂತು, ಬಂದ ಚೆಂಡನ್ನು ಸುತ್ತ ಓಡುವವರಿಗೆ ಹಂಚುವುದು. ಅದು ನನ್ನ ಮುರುಕು ಮಂಡಿಗೆ ಹೇಳಿ ಮಾಡಿಸಿದ ಜಾಗ. ನಿಂತರೆ ಹನ್ನೊಂದೇನು, ಹದಿನೈದು ಹಾಕಬಲ್ಲೆ. ಒಂದು ಷೂವಿನ ದಾರ ಕಟ್ಟಿಯೂ ಆಗಿತ್ತು.

ತನ್ನ ಬದಲು ನಾನು ಆಡಲೆಂದು ಜುಂಜಪ್ಪ ಎದ್ದು ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟ. ಆ ಉದ್ದನೆಯ ಹುಡುಗ ಮೈ ಮುದುಡಿಕೊಂಡು ಕೂತದ್ದನ್ನು ಕಂಡು ನನ್ನ ಕೈ ನಿಂತಿತು. ನಾನು ಆಡಿ ಗೆದ್ದರೆ ಹೆಡ್‌ಮಾಸ್ಟರು ಆಟ ಉಳಿಸುತ್ತಾರೆ, ನಿಜ. ಉಳಿದು ಏನು ಬಂತು? ಮುಂದಿನ ವರ್ಷವೂ ನಾನೇ, ಅದರ ಮುಂದಿನ ವರ್ಷವೂ ನಾನೇ. ಇವರು ನನ್ನ ಸುತ್ತ ತಿರುಗುವ ಎತ್ತುಗಳು. ಸೋತರೆ ಎಲ್ಲವೂ ಹೋಗುತ್ತದೆ. ಆದರೂ ದಾರ ಬಿಚ್ಚಿದೆ. ಬಿಚ್ಚುವಾಗ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

"ಮೇಟಿ ನಾನಲ್ಲ ಕಣೋ, ನೀನು" ಅಂದೆ. "ಏಳು. ಎರಡು ಕೈ ಮೇಲೆತ್ತಿ ನಡುವೆ ನಿಂತ್ಕೋ. ಬೊಮ್ಮಪ್ಪ, ನೀವೆಲ್ಲಾ ಸುತ್ತಿ. ಜನ ನಗಲಿ. ಕಣದಲ್ಲಿ ಹೇಗೆ ಸುತ್ತುತ್ತಿದ್ದಿರೋ ಹಾಗೇ ಸುತ್ತಿ."

ಸುತ್ತಿದರು. ಈಗ ನಡುವೆ ಮೇಟಿ ಇತ್ತು. ಚೆಂಡು ಜುಂಜಪ್ಪನ ಕೈಗೆ ಹೋಗುವುದು, ಬೊಮ್ಮಪ್ಪ ಅವನ ಪಕ್ಕೆ ಸವರಿಕೊಂಡು ಓಡುವುದು, ಅವನನ್ನು ಅಟ್ಟಿಸಿಕೊಂಡು ಬಂದವನು ಜುಂಜಪ್ಪನ ಬೆನ್ನಿಗೆ ಢಿಕ್ಕಿ ಹೊಡೆದು ನಿಲ್ಲುವುದು, ಅಷ್ಟರಲ್ಲಿ ಚೆಂಡು ರಿಂಗಿನೊಳಗೆ. ಹತ್ತಾಯಿತು, ಹದಿನಾಲ್ಕಾಯಿತು. ನಗುತ್ತಿದ್ದವರ ಬಾಯಿ ಮುಚ್ಚಿತು. ಎದುರಾಳಿಗಳ ಮೇಷ್ಟ್ರು ಬೆವರು ಒರೆಸಿಕೊಂಡು ತಮ್ಮ ಹುಡುಗರ ಮೇಲೆ ರೇಗತೊಡಗಿದರು.

ಕೊನೆಯ ನಿಮಿಷ. ಅವರು ಇಪ್ಪತ್ತು, ನಾವು ಹತ್ತೊಂಬತ್ತು. ಅಷ್ಟು ಹೊತ್ತಿಗೆ ಅವರಿಗೂ ನಮ್ಮ ದಿಕ್ಕು ಗೊತ್ತಾಗಿತ್ತು. ಸುತ್ತುವ ದಾರಿಗೇ ಮೂರು ಜನ ಅಡ್ಡ ನಿಂತರು. ಜುಂಜಪ್ಪನ ಕೈಯಲ್ಲಿ ಚೆಂಡು, ಕೊಡಲು ಯಾರೂ ಇಲ್ಲ. ಅವನು ನನ್ನ ಕಡೆ ನೋಡಿದ.

ಏನು ಮಾಡಬೇಕೆಂದು ನನ್ನ ಮೈಯ ಪ್ರತಿ ಮೂಳೆಗೂ ಗೊತ್ತಿತ್ತು. ಕೂಗಲು ಬಾಯಿ ತೆರೆದೆ. ಕೂಗಿದರೆ ಅವನ ಕೈಯಿಂದ ನಾನೇ ಆಡಿದ ಹಾಗೆ ಅನ್ನಿಸಿತು. ಎರಡು ಕೈಯನ್ನೂ ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತೆ.

ಜುಂಜಪ್ಪ ಒಂದು ಕ್ಷಣ ನಿಂತ. ಆಮೇಲೆ ನಾಲ್ಕು ತಿಂಗಳಲ್ಲಿ ನಮ್ಮ ಒಬ್ಬ ಹುಡುಗನೂ ತಿರುಗದ ದಿಕ್ಕಿಗೆ, ಎತ್ತು ಸುತ್ತುವುದಕ್ಕೆ ಉಲ್ಟಾ, ಗಿರಕ್ಕನೆ ತಿರುಗಿ ಹಾರಿದ. ಚೆಂಡು ರಿಂಗಿನ ಅಂಚಿಗೆ ತಾಗಿ, ಕುಣಿದು, ಒಳಗೆ ಬಿತ್ತು. ಸೀಟಿ ಕೂಗಿತು. ನಾನು ಕುಂಟುಗಾಲಲ್ಲೇ ಅಂಗಳಕ್ಕೆ ಓಡಿ ಅವನನ್ನು ತಬ್ಬಿಕೊಂಡು ಅತ್ತೆ.

ಮರುದಿನ ಸಂಜೆ ಮುದ್ದಕ್ಕ ಕಣ ಗುಡಿಸುತ್ತಿದ್ದಳು. ರಾಗಿ ಕೊಯ್ಲು ಹತ್ತಿರ ಬಂದಿತ್ತು. ನಾನು ಅಂಚಿನಲ್ಲಿ ಚಪ್ಪಲಿ ಬಿಟ್ಟು ಕಣಕ್ಕೆ ಹತ್ತಿದೆ.

"ಗೆದ್ರಂತೆ! ಜುಂಜ ರಾತ್ರಿಯೆಲ್ಲಾ ಮನಿಕ್ಕಳ್ನಿಲ್ಲ" ಅಂದಳು. "ಅಲ್ಲಾ ಮೇಷ್ಟ್ರೇ, ಮೈಸೂರ್‌ನಾಗೆ ಹನ್ನೊಂದು ಹಾಕಿದ್ದೆ ಅಂತ ದಿನಾ ಹೇಳ್ತಿದ್ರಲ್ಲ, ಇಲ್ಲೆಷ್ಟ್ ಹಾಕಿದ್ರಿ?"

"ಒಂದೂ ಇಲ್ಲ ಮುದ್ದಕ್ಕ."

ಆಕೆ ಪೊರಕೆ ನಿಲ್ಲಿಸಿ ನನ್ನ ಮುಖ ನೋಡಿದಳು. "ಅಂಗಾರೆ ನಿಮ್ಗ್ಯಾಕಪ್ಪ ಇಷ್ಟೊಂದು ಖುಷಿ?"