ಬಾಣಂತಿ ತಿರುವು

ತಾನು ಸತ್ತು ಮೂವತ್ತಾರು ವರ್ಷವಾಯಿತೆಂಬ ಸುದ್ದಿ ಪಾರವ್ವನಿಗೆ ತಿಳಿದದ್ದು 2007ರ ನವೆಂಬರಿನ ಒಂದು ಮಧ್ಯಾಹ್ನ, ವಿಜಯನಗರದ ತನ್ನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತ ಕೂತಿದ್ದಾಗ.

ಸುದ್ದಿ ತಂದವನು ವೀರೇಶ. ನಾಗರಬಾವಿಯ ಕಡೆ ಒಂದು ಕಾಲೇಜಿನ ಲೈಬ್ರರಿಯಲ್ಲಿ ಅವನಿಗೆ ಕೆಲಸ. ದಾವಣಗೆರೆಯವನು, ವಯಸ್ಸು ಇಪ್ಪತ್ತೊಂಬತ್ತು, ಮದುವೆಯ ಮಾತೆತ್ತಿದರೆ ನಗುತ್ತಿದ್ದ. ಅವನಿಗಿದ್ದ ಹುಚ್ಚು ಒಂದೇ: ಘಾಟಿ ರಸ್ತೆಗಳು. ತಿಂಗಳಿಗೊಂದು ಶನಿವಾರ ನಸುಕಿನಲ್ಲೇ ತನ್ನ ಹಳೇ ಬುಲೆಟ್ ಹತ್ತಿ ಹೊರಟುಬಿಡುತ್ತಿದ್ದ. ಬರೀ ಸುತ್ತಾಟವಲ್ಲ. ಆ ದಾರಿ ಯಾವ ಕಾಲದಲ್ಲಿ ಕಡಿದದ್ದು, ಮೊದಲು ಅಲ್ಲಿ ಓಡಾಡಿದ್ದು ಉಪ್ಪಿನ ಗಾಡಿಗಳೋ ದಂಡಿನ ಕುದುರೆಗಳೋ, ಸೇತುವೆಗೆ ಕಲ್ಲು ಎಲ್ಲಿಂದ ಬಂತು ಎಂದು ಹಳೆಯ ಪುಸ್ತಕಗಳಲ್ಲಿ ಹುಡುಕುತ್ತಿದ್ದ. ದಾರಿಯಲ್ಲಿ ಸಿಕ್ಕ ಮುದುಕರನ್ನು ಮಾತಾಡಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ.

ಅವತ್ತು ಊಟಕ್ಕೆ ಕೂತವನು ಪಕ್ಕದ ಹುಡುಗನಿಗೆ ಹೇಳುತ್ತಿದ್ದ: "ಈ ಸಲ ಹೊನ್ನಬ್ಬಿ ಘಾಟಿ ಗುರು. ಸಕಲೇಶಪುರ ದಾಟಿ ಇನ್ನೂ ಮುಂದೆ. ಹದಿನೆಂಟು ತಿರುವು ಇದಾವೆ. ಹನ್ನೊಂದನೇದಕ್ಕೆ ಬಾಣಂತಿ ತಿರುವು ಅಂತಾರಂತೆ. ರೋಡ್ ಮಾಡೋವಾಗ ಒಬ್ಬಳು ಕೂಲಿ ಹೆಂಗಸು ಅಲ್ಲೇ ಹೆತ್ತು ಸತ್ತೋದ್ಲಂತೆ. ಈಗ್ಲೂ ಕಲ್ಲಿಗೆ ಬಳೆ ಇಟ್ಟು ಪೂಜೆ ಮಾಡ್ತಾರಂತೆ. ಹಾರನ್ ಹೊಡೀದೆ ಒಂದು ಲಾರಿನೂ ದಾಟಲ್ಲ ಅಂತ ಒಬ್ಬ ಬೈಕಿನವನು ಹೇಳ್ದ."

ಪಾರವ್ವನ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಹೊಗೆಯಾಡಿತು.

"ಕೂಸು ಏನಾತಂತ?"

"ಕೂಸೂ ಹೋಯ್ತಂತೆ ಪಾರವ್ವಾರೆ. ಪಾಪ."

ಪಾರವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಕೂಸು ಕೆಂಗೇರಿ ಬಸ್ಸಿನ್ಯಾಗ ಕಂಡಕ್ಟರ್ ಐತೋ ತಮ್ಮಾ. ಬಾಣಂತಿ ಇಲ್ಲೇ ಕುಂತು ನಿನಗ ರೊಟ್ಟಿ ಬಡ್ಯಾಕತ್ಯಾಳ."

ಯಾರೂ ನಗಲಿಲ್ಲ, ಯಾಕೆಂದರೆ ಅವಳೂ ನಕ್ಕಿರಲಿಲ್ಲ.

ಪಂಕ್ತಿ ಮುಗಿದ ಮೇಲೆ ವೀರೇಶ ಎದ್ದು ಹೋಗಲಿಲ್ಲ. ಪಾರವ್ವ ಒಲೆ ಆರಿಸಿ ಎದುರಿಗೆ ಬಂದು ಕೂತಳು. ಹುನಗುಂದದ ಕಡೆಯ ಕಲ್ಲು ಕೆಲಸದ ಗುಂಪಿನೊಂದಿಗೆ ತಾನೂ ಗಂಡ ತಮ್ಮಣ್ಣನೂ ಆ ಘಾಟಿಗೆ ಹೋದದ್ದು, ಗಾಡಿ ದಾರಿಯನ್ನು ಬಸ್ಸು ಓಡುವಷ್ಟು ಅಗಲ ಮಾಡುವ ಕೆಲಸ, ಆಗ ತನಗೆ ಹತ್ತೊಂಬತ್ತು ವರ್ಷ, ಎಲ್ಲ ಹೇಳಿದಳು. ದಿನ ತುಂಬಿದ್ದರೂ ಜಲ್ಲಿಯ ಬುಟ್ಟಿ ಹೊರುತ್ತಿದ್ದಳು. ಒಂದು ಸಂಜೆ ಆ ತಿರುವಿನಲ್ಲಿ ನೋವು ಬಂತು. ಗಂಡಸರೆಲ್ಲ ಕೆಳಗೆ ಬಂಡೆ ಒಡೆಯುತ್ತಿದ್ದರು. ಜೊತೆಗಿದ್ದ ಹೆಂಗಸರು ಆಗಲೇ ಬಿಡಾರ ಸೇರಿದ್ದರು. ಸೌದೆಯ ಹೊರೆ ಹೊತ್ತು ಬರುತ್ತಿದ್ದ ಆ ಊರಿನ ಹೆಂಗಸೊಬ್ಬಳು ಹೊರೆ ಕೆಳಗೆಸೆದು ಓಡಿ ಬಂದಳು.

"ಕುಡುಗೋಲಿನಿಂದ ಹೊಕ್ಕಳ ಬಳ್ಳಿ ಕೊಯ್ದಳು. ತಾ ಉಟ್ಟ ಸೀರಿ ಅರ್ಧ ಹರಿದು ಕೂಸಿಗೆ ಸುತ್ತಿದಳು. ನನಗ ಜ್ವರ ಏರ್ತು. ಮೂರು ದಿನ ಬಿಡಾರಕ್ಕ ಮೆಣಸಿನ ಗಂಜಿ ತಂದು ಕುಡಿಸಿದಳು. ಕಣ್ಣು ಮುಚ್ಚಿದ್ರ ಕೆನ್ನಿಗೆ ಹೊಡೀತಿದ್ಳು. ನಾಕನೇ ದಿನ ಗುಡ್ಡ ಕುಸೀತು, ಕೆಲಸ ನಿಂತಿತು. ನನ್ನನ್ನ ಲಾರಿಗೆ ಹಾಕ್ಕೊಂಡು ಹಾಸನದ ಆಸ್ಪತ್ರಿಗೆ ಒಯ್ದರು. ನನಗ ಎಚ್ಚರ ಇರಲಿಲ್ಲ. ಆಮ್ಯಾಲ ಆ ಕಡಿ ಹೋಗೇ ಇಲ್ಲ." ಪಾರವ್ವ ಅಂಗೈಗೆ ಅಂಟಿದ್ದ ಹಿಟ್ಟು ಉಜ್ಜಿ ತೆಗೆದಳು. "ಆಕಿ ಹೆಸರೂ ಕೇಳಲಿಲ್ಲ ನಾನು."

ವೀರೇಶ ನೋಟ್‌ಬುಕ್ ತೆರೆದಿದ್ದ, ಆದರೆ ಏನೂ ಬರೆದಿರಲಿಲ್ಲ.

"ನನ್ನ ಕರ್ಕೊಂಡು ಹೋಗ್ತೀಯೇನಪಾ?" ಎಂದಳು ಪಾರವ್ವ.

ಮಗಳು ಸುವರ್ಣಾ ಡ್ಯೂಟಿ ಮುಗಿಸಿ ಬಂದವಳು ಕೇಳಿ ಹೌಹಾರಿದಳು. "ಅಮ್ಮಾ, ತಲೆ ಕೆಟ್ಟಿದ್ಯಾ ನಿನಗೆ? ಐವತ್ತೈದು ವರ್ಷಕ್ಕೆ ಬೈಕಲ್ಲಿ ಘಾಟಿ? ಫೆಬ್ರವರೀಲಿ ರಜ ಹಾಕ್ತೀನಿ, ಬಸ್ಸಲ್ಲಿ ಹೋಗೋಣ."

"ಬಸ್ಸು ಅಲ್ಲಲ್ಲಿ ನಿಲ್ಲತೈತೇನು ನಾ ಹೇಳಿದಲ್ಲಿ? ಆಕಿ ನನಗಿಂತ ದೊಡ್ಡಾಕಿ. ಫೆಬ್ರವರಿ ತನಕ ಇರ್ತಾಳೋ ಇಲ್ಲೋ."

ಸುವರ್ಣಾ ವೀರೇಶನ ಬೈಕನ್ನು ಸುತ್ತು ಹಾಕಿ ನೋಡಿದಳು, ಟೈರು ಒತ್ತಿದಳು, ಬ್ರೇಕು ಹಿಡಿದಳು. "ಐವತ್ತರ ಮೇಲೆ ಓಡಿಸಿದ್ರೆ ನೋಡು ಮತ್ತೆ" ಎಂದು ಬೆರಳು ತೋರಿಸಿ ಒಪ್ಪಿಕೊಂಡಳು.

ಡಿಸೆಂಬರಿನ ಮೊದಲ ಶನಿವಾರ ಖಾನಾವಳಿಯನ್ನು ಪಕ್ಕದ ಮನೆಯ ಭಾಗವ್ವನಿಗೆ ಒಪ್ಪಿಸಿ ಪಾರವ್ವ ಹೊರಟಳು. ತಲೆಗೆ ಹೆಲ್ಮೆಟ್ಟು, ಹೆಗಲಿಗೆ ಮಗಳ ಖಾಕಿ ಸ್ವೆಟರು, ತೊಡೆಯ ಮೇಲೆ ಜೋಳದ ಹಿಟ್ಟು, ಶೇಂಗಾ ಚಟ್ನಿ ತುಂಬಿದ ಚೀಲ. ಕುಣಿಗಲ್ ದಾಟುವ ತನಕ ಕಣ್ಣು ಮುಚ್ಚಿಕೊಂಡೇ ಇದ್ದಳು. ಚನ್ನರಾಯಪಟ್ಟಣದಲ್ಲಿ ಇಡ್ಲಿಗೆ ನಿಲ್ಲಿಸಿದಾಗ ಸೊಂಟ ಹಿಡಿದುಕೊಂಡಿತ್ತು. ಆದರೂ ಮತ್ತೆ ಹತ್ತುವಾಗ, "ಭಾರಿ ಸಣ್ಣಗ ಓಡಸ್ತಿಯಪಾ, ಸೈಕಲ್‌ನಾವರು ದಾಟಿ ಹೊಂಟಾರ" ಎಂದಳು. ವೀರೇಶ ಸುವರ್ಣಾಳ ಹೆಸರು ಹೇಳಿದ, ಪಾರವ್ವ ಹೆಲ್ಮೆಟ್ಟು ಬಿಗಿದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಹೊನ್ನಬ್ಬಿ ಘಾಟಿಯ ನೆತ್ತಿಯಲ್ಲಿದ್ದರು. ಕೆಳಗೆ ಬೆಟ್ಟಗಳು ಒಂದರ ಹಿಂದೊಂದು ಬಿಸಿಲಿಗೆ ಬೆನ್ನು ಕೊಟ್ಟು ಮಲಗಿದ್ದವು. ರಸ್ತೆ ಅವುಗಳ ಪಕ್ಕೆ ಹಿಡಿದು ಇಳಿಯುತ್ತ, ಕಾಣಿಸಿಕೊಳ್ಳುತ್ತ, ಮರೆಯಾಗುತ್ತ ಹೋಗಿತ್ತು.

"ಇನ್ನು ಮೇಲೆ ತಿರುವು ಜಾಸ್ತಿ ಪಾರವ್ವಾರೆ. ಎರಡೂ ಕಡೆ ಕಾಲು ಹಾಕಿ ಕೂತ್ರೆ ಬ್ಯಾಲೆನ್ಸ್ ಸಿಗುತ್ತೆ."

ಪಾರವ್ವ ಮರದ ಮರೆಗೆ ಹೋಗಿ, ಹಿಂದೆ ಬುಟ್ಟಿ ಹೊರುವಾಗ ಉಡುತ್ತಿದ್ದ ಹಾಗೆ ಸೀರೆಯ ಕಚ್ಚೆ ಹಾಕಿಕೊಂಡು ಬಂದು ಗಂಡಸಿನಂತೆ ಕೂತಳು. ಇಳಿಯತೊಡಗಿದರು. ತಾನು ಬಿಟ್ಟು ಹೋದಾಗ ಇಲ್ಲಿ ಬರೀ ಕೆಂಪು ಮಣ್ಣು, ಕಾಲಿಗೆ ಚುಚ್ಚುವ ಜಲ್ಲಿ. ಈಗ ಕಪ್ಪು ಟಾರು ನುಣ್ಣಗೆ ಹರಿದಿತ್ತು. ಅವಳು ಈ ದಾರಿಯ ಮೇಲೆ ಬಸ್ಸು ಓಡಿದ್ದನ್ನೇ ಕಂಡಿರಲಿಲ್ಲ. ಈಗ ತಾನೇ ಗಾಡಿಯ ಮೇಲೆ ಕೂತು ತೇಲುತ್ತಿದ್ದಳು.

"ನಿಲ್ಲಸಪಾ, ನಿಲ್ಲಸು!"

ಐದನೇ ತಿರುವಿನಲ್ಲಿ ಪ್ರಪಾತದ ಕಡೆ ಎದೆಯೆತ್ತರದ ಕಲ್ಲಿನ ಗೋಡೆ. ಸುಣ್ಣ ಸಿಮೆಂಟು ಯಾವುದೂ ಇಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ್ದು. ಪಾರವ್ವ ಇಳಿದು ಅಂಗೈಯನ್ನು ಅದರ ಮೇಲೆ ಹರಿದಾಡಿಸಿದಳು.

"ಇದು ನನ್ನ ಗಂಡ ಕಟ್ಟಿದ್ದು. ಮೂಲಿ ಕಲ್ಲು ಹಿಂಗ ಒಂದು ಬಿಟ್ಟು ಒಂದು ಅಡ್ಡ ಹಾಕ್ತಿದ್ದ. ಉಳಿದಾವರು ಬೈತಿದ್ರು, ಹೊತ್ತು ಹಿಡೀತೈತಿ ಅಂತ."

ವೀರೇಶ ಓದಿದ ಪುಸ್ತಕದಲ್ಲಿ ಈ ರಸ್ತೆಗೆ ನಾಲ್ಕು ಸಾಲು ಸಿಕ್ಕಿತ್ತು. ಉದ್ದ ಇತ್ತು, ವರ್ಷ ಇತ್ತು, ಇಂಜಿನಿಯರ ಹೆಸರಿತ್ತು. ಅವನು ಗೋಡೆಗೆ ಒರಗಿಯೇ ನೋಟ್‌ಬುಕ್ ತೆಗೆದು, 'ಐದನೇ ತಿರುವು, ಗೋಡೆ: ಹುನಗುಂದದ ತಮ್ಮಣ್ಣ' ಎಂದು ಬರೆದು ಅವಳಿಗೆ ಓದಿ ಹೇಳಿದ. ಗಂಡ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಅವನ ಹೆಸರು ಯಾರೋ ಬರೆದುಕೊಂಡದ್ದನ್ನು ಪಾರವ್ವ ಅವತ್ತೇ ಕಂಡದ್ದು.

ಹನ್ನೊಂದನೇ ತಿರುವಿನಲ್ಲಿ ಅವಳು ಹೇಳುವ ಮೊದಲೇ ವೀರೇಶ ಬೈಕು ನಿಲ್ಲಿಸಿದ. ಬಂಡೆಯ ಬುಡದಲ್ಲಿ ಮೊಳದುದ್ದದ ಒಂದು ಕಲ್ಲು. ಮೇಲೆ ಅರಿಸಿನ ಕುಂಕುಮ, ಸುತ್ತ ಹಸಿರು ಗಾಜಿನ ಬಳೆಗಳು, ಬಾಡಿದ ಸೇವಂತಿಗೆ. ಪಾರವ್ವನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ನಗು ಬಂತು. ಆಮೇಲೆ ಅವಳು ಹೆಲ್ಮೆಟ್ಟು ತೆಗೆಯದೆಯೇ ರಸ್ತೆಯ ಅಂಚಿನಲ್ಲಿ ಕೂತು ಅತ್ತಳು. ತನಗಾಗಿ ಯಾರೋ ಇಷ್ಟು ವರ್ಷ ಬಳೆ ತಂದಿಟ್ಟಿದ್ದಾರೆ, ತಾನು ಬೆಂಗಳೂರಿನಲ್ಲಿ ಹೊಟ್ಟೆ ತುಂಬ ಉಂಡು ನಿದ್ದೆ ಮಾಡುತ್ತಿದ್ದೆ ಎಂದುಕೊಂಡಳು.

"ಇದನ್ನ ನೋಡ್ಕೊಳ್ಳೋರು ಯಾರು ಅಂತ ಕೇಳೋಣ" ಎಂದ ವೀರೇಶ. "ಕೆಳಗೆ ಚೆಕ್‌ಪೋಸ್ಟ್ ಹತ್ರ ಟೀ ಅಂಗಡಿ ಇದೆಯಂತೆ."

ಅಂಗಡಿಯೆಂದರೆ ತಗಡಿನ ಮಾಡು, ಎರಡು ಬೆಂಚು. ಎಪ್ಪತ್ತರ ಹತ್ತಿರದ ಹೆಂಗಸು ಹಾಲು ಕಾಯಿಸುತ್ತಿದ್ದಳು. ಬಗ್ಗಿದ ಬೆನ್ನು, ಆದರೆ ಗಟ್ಟಿ ದನಿ. ಹೆಸರು ಪುಟ್ಟಲಕ್ಷ್ಮಿ. ಗಂಡ ರಸ್ತೆ ರಿಪೇರಿಯ ಗ್ಯಾಂಗ್‌ಮನ್ ಆಗಿದ್ದನಂತೆ. ಬಾಣಂತಿ ಕಲ್ಲಿನ ವಿಚಾರ ವೀರೇಶ ಕೇಳಿದ್ದೇ ತಡ, ಇನ್ನೂ ಎಷ್ಟೋ ಬೈಕಿನವರಿಗೆ ಹೇಳಿ ರೂಢಿಯಾದವಳಂತೆ ಶುರು ಮಾಡಿದಳು.

"ಆ ಕಲ್ಲು ನಾನೇ ಇಟ್ಟಿದ್ದು ಕಣಪ್ಪ. ಬಯಲುಸೀಮೆ ಹುಡುಗಿ. ಮೂರು ದಿನ ಗಂಜಿ ಕುಡಿಸ್ದೆ. ನಾಕನೇ ದಿನ ಗಂಜಿ ತಗಂಡು ಹೋದ್ರೆ ಬಿಡಾರ ಖಾಲಿ! ಅಲ್ಲೊಬ್ಬ ಪಿಕಾಸಿ ಎತ್ತಿಡ್ತಾ ಇದ್ದ. ಬಾಣಂತಿ ಎಲ್ಲಪ್ಪ ಅಂದೆ. ಹೋಗ್ಬಿಟ್ಲು ಕಣಮ್ಮ ಅಂದ. ಕೂಸು ಅಂದೆ. ಅದೂ ಹೋಯ್ತು ಅಂದ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಇನ್ನೊಂದು ದಿನ ಮೊದ್ಲೇ ಔಷಧಿ ಕೊಡಿಸಿದ್ರೆ ಉಳೀತಿದ್ಲೇನೋ. ನನ್ನ ಕೈಯಲ್ಲಿ ಹೋಯ್ತಲ್ಲ ಅಂತ ವರ್ಷಾ ವರ್ಷಾ ಬಳೆ ಇಡ್ತೀನಿ."

ಪಾರವ್ವ ಬೆಂಚಿನಿಂದ ಎದ್ದಳು. ಮೂವತ್ತಾರು ವರ್ಷ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತುಗಳಿದ್ದವು. ಬಾಯಿಗೆ ಬಂದದ್ದು ಬೇರೆಯೇ.

"ಹಸಿರು ಸೀರಿ. ಕೆಂಪು ಅಂಚು. ಅರ್ಧ ಹರಿದ್ರಿ ನೀವು. ಉಳಿದದ್ದು ಮೊಳಕಾಲ ತನಕ ಉಟಗೊಂಡು ಮನೀಗೆ ಹೋದ್ರಿ."

ಪುಟ್ಟಲಕ್ಷ್ಮಿಯ ಕೈಯಲ್ಲಿದ್ದ ಸೌಟು ಹಾಲಿಗೆ ಬಿತ್ತು. ಸೀರೆಯ ವಿಷಯ ಅವಳು ಯಾವ ಬೈಕಿನವನಿಗೂ ಹೇಳಿದವಳಲ್ಲ.

"ಆ ಆಳು ಸುಳ್ಳು ಹೇಳಿಲ್ರೀ ಅಕ್ಕಾ. ನಾ ಹೋಗಿದ್ದು ಖರೆ. ಲಾರಿಯೊಳಗ, ಹಾಸನಕ್ಕ."

ಪುಟ್ಟಲಕ್ಷ್ಮಿ ಹತ್ತಿರ ಬಂದು ಪಾರವ್ವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಕಿವಿ, ಹಣೆ, ಕಣ್ಣು ಒಂದೊಂದಾಗಿ ನೋಡಿದಳು. ಆಮೇಲೆ ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಟ್ಟಳು. "ಬದುಕಿದ್ದೀಯೇನೇ ಮುಂಡೇದೇ! ಒಂದು ಮಾತು ಹೇಳಿ ಕಳಿಸೋಕೆ ಆಗ್ಲಿಲ್ವೇನೇ?" ಎಂದು ಅವಳನ್ನು ಅಪ್ಪಿಕೊಂಡು ಗೋಳೋ ಎಂದು ಅತ್ತಳು. ಹಾಲು ಉಕ್ಕಿ ಹರಿಯಿತು. ವೀರೇಶ ಎದ್ದು ಸ್ಟೋವ್ ಆರಿಸಿದ.

ಸುವರ್ಣಾಳಿಗೆ ಫೋನು ಹಚ್ಚಿ ಕೊಟ್ಟಾಗ ಪುಟ್ಟಲಕ್ಷ್ಮಿ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕಿರುಚಿದಳು: "ಮಗಾ, ಊಟ ಆಯ್ತಾ?" ಅತ್ತ ಕಡೆ ಬಸ್ಸಿನ ಸದ್ದು. ಸುವರ್ಣಾ, "ಅಜ್ಜೀ" ಎಂದವಳು ಅತ್ತುಬಿಟ್ಟಳು. "ಅಳ್ಬೇಡ ಕಣೇ, ಹುಟ್ಟಿದಾಗ್ಲೇ ಬೇಕಾದಷ್ಟು ಅತ್ತಿದ್ದೀಯ" ಎಂದು ಪುಟ್ಟಲಕ್ಷ್ಮಿ ಗದರಿದಳು.

ಅವತ್ತು ಅಂಗಡಿಯ ಹಿಂದಿನ ಒಂದೇ ಕೋಣೆಯ ಮನೆಯಲ್ಲಿ ಪಾರವ್ವ ಒಲೆಯ ಮುಂದಿನ ಜಾಗ ಬಿಟ್ಟುಕೊಡಲಿಲ್ಲ. ತಂದ ಹಿಟ್ಟೆಲ್ಲ ನಾದಿ ರೊಟ್ಟಿ ಬಡಿದಳು. ಬಿಸಿ ರೊಟ್ಟಿಯನ್ನು ಮುರಿದು, ಹಲ್ಲಿಲ್ಲದ ಬಾಯಿಗೆ ಆಗುವಂತೆ ಸಾರಿನಲ್ಲಿ ನೆನೆಸಿ, ತಟ್ಟೆ ಖಾಲಿಯಾಗುವ ತನಕ ಎದುರಿಗೆ ಕೂತು ಉಣ್ಣಿಸಿದಳು. ಹೇಳಬೇಕೆಂದಿದ್ದ ಮಾತು ಯಾವುದನ್ನೂ ಹೇಳಲಿಲ್ಲ. ಪುಟ್ಟಲಕ್ಷ್ಮಿಯೂ ಕೇಳಲಿಲ್ಲ. "ಇನ್ನೊಂದು ಹಾಕು" ಎನ್ನುತ್ತಿದ್ದಳು, ಅಷ್ಟೇ.

ಬೆಳಿಗ್ಗೆ ಪುಟ್ಟಲಕ್ಷ್ಮಿ ಹಾರೆ ಹಿಡಿದು ಹೊರಟಳು. "ಬದುಕಿರೋಳಿಗೆ ಸತ್ತೋರ ಪೂಜೆ ಮಾಡಿಬಿಟ್ಟೆ. ಆಯಸ್ಸಿಗೆ ಒಳ್ಳೇದಲ್ಲ. ಕಲ್ಲು ಕಿತ್ತು ಹೊಳೆಗೆ ಹಾಕ್ತೀನಿ." ಮೂವರೂ ಹನ್ನೊಂದನೇ ತಿರುವಿಗೆ ಹೋದರು. ಹಾರೆ ಕಲ್ಲಿನ ಬುಡಕ್ಕೆ ತಾಕುವಷ್ಟರಲ್ಲಿ ಮೇಲಿನಿಂದ ಮರಳು ಲಾರಿಯೊಂದು ರಭಸದಿಂದ ಇಳಿದು ಬಂತು. ತಿರುವಿಗೆ ಇಪ್ಪತ್ತು ಮಾರು ಇದ್ದಂತೆ ಹಾರನ್ ಬಾರಿಸಿ, ಬ್ರೇಕು ಒತ್ತಿ, ತೆವಳುತ್ತ ಬಳಸಿತು. ಡ್ರೈವರು ಸ್ಟೀರಿಂಗಿನಿಂದ ಒಂದು ಕೈ ಎತ್ತಿ ಹಣೆಗೆ ಮುಟ್ಟಿಸಿಕೊಂಡು ಮುಂದೆ ಹೋದ. ಅವನ ಎದುರಿಗೆ, ಕಣ್ಣಿಗೆ ಕಾಣದ ಕಡೆಯಿಂದ, ಜನ ತುಂಬಿದ ಜೀಪು ಹತ್ತಿ ಬರುತ್ತಿತ್ತು. ಎರಡೂ ಆರಾಮಾಗಿ ಒಂದನ್ನೊಂದು ದಾಟಿದವು.

ಪಾರವ್ವ ಹಾರೆಯನ್ನು ತೆಗೆದುಕೊಂಡಳು. "ಇರ್ಲಿ ಬಿಡ್ರೀ ಅಕ್ಕಾ. ನನಗೇನು ತ್ರಾಸ ಐತಿ? ನಾ ಅಲ್ಲಿ ಬೆಂಗಳೂರಿನ್ಯಾಗ ಇರ್ತೀನಿ, ಇಲ್ಲಿ ಸತ್ತಿರ್ತೀನಿ. ಗಾಡಿ ಸಾವಕಾಶ ಹೋಗ್ಲಿ."

ಪುಟ್ಟಲಕ್ಷ್ಮಿ ಯೋಚಿಸಿ ತಲೆಯಾಡಿಸಿದಳು. ತಂದಿದ್ದ ಹೊಸ ಬಳೆಗಳನ್ನು ಮಾತ್ರ ಕಲ್ಲಿಗೆ ಇಡಲಿಲ್ಲ. ಪಾರವ್ವನ ಒರಟು ಕೈಯನ್ನು ಹಿಡಿದು, ಅಮುಕಿ, ಒಂದೊಂದಾಗಿ ತೊಡಿಸಿದಳು. ಗಂಡ ಸತ್ತ ಮೇಲೆ ಬಳೆ ತೊಟ್ಟಿಲ್ಲವೆಂದು ಪಾರವ್ವ ಕೈ ಎಳೆದುಕೊಳ್ಳಲು ನೋಡಿದಳು. "ಸುಮ್ನಿರೇ" ಎಂದು ಪುಟ್ಟಲಕ್ಷ್ಮಿ ಬಿಡಲಿಲ್ಲ.

ಹಿಂದಿರುಗುವಾಗ ಪಾರವ್ವ ಪ್ರತಿ ತಿರುವಿನಲ್ಲೂ ಬೈಕು ನಿಲ್ಲಿಸಲು ಹೇಳಿದಳು. ಇಲ್ಲಿ ಮೋರಿ ಕಟ್ಟಿದವರು ಇಂಥವರು, ಇಲ್ಲಿ ಬಂಡೆ ಸೀಳಲು ಹದಿನಾರು ದಿನ ಹಿಡಿಯಿತು, ಇಲ್ಲಿ ಒಬ್ಬನ ಕಾಲು ಹೋಯಿತು, ಅವನು ಒಳ್ಳೇ ಹಾಡುತ್ತಿದ್ದ. ವೀರೇಶ ಬರೆದುಕೊಳ್ಳುತ್ತ ಹೋದ. ಘಾಟಿಯ ನೆತ್ತಿ ಮುಟ್ಟುವಷ್ಟರಲ್ಲಿ ಒಂಬತ್ತು ಪುಟ ತುಂಬಿದ್ದವು, ಹಾಸನದಲ್ಲೇ ಮಧ್ಯಾಹ್ನ ಮೂರಾಯಿತು.

ಫೆಬ್ರವರಿಯಲ್ಲಿ ಸುವರ್ಣಾ ನಾಲ್ಕು ದಿನ ರಜ ಹಾಕಿ ತಾಯಿಯೊಂದಿಗೆ ಬಸ್ಸಿನಲ್ಲಿ ಹೋದಳು. ಚೆಕ್‌ಪೋಸ್ಟಿನಲ್ಲಿ ಇಳಿದಾಗ ಪುಟ್ಟಲಕ್ಷ್ಮಿ ರಸ್ತೆಗೇ ಬಂದು ನಿಂತಿದ್ದಳು. ಮೂವತ್ತಾರು ವರ್ಷದ ಮಗಳನ್ನು ಅಡಿಯಿಂದ ಮುಡಿಯ ತನಕ ನೋಡಿ, "ಅಂಗೈಯಷ್ಟಿದ್ದೆ ಕಣೇ" ಎಂದಳು.